ಕಾಯ್ದೆ ಬರೆದವನ ಕತೆ



ಕೊಂದವರೆಲ್ಲ ಕತ್ತಿ ಹಿಡಿದವರೇ ಅಂತ ನಾವು ತಿಳ್ಕೋಬಾರದು. ಹಾನ್ಸ್ ಫ್ರಾಂಕ್ ಕಾನೂನು ಓದಿದವ, ಹಿಟ್ಲರನ ವಕೀಲ. 1939ರಲ್ಲಿ ಜರ್ಮನಿ ಪೋಲೆಂಡಿಗೆ ನುಗ್ಗಿದ ಮೇಲೆ ಅದರ ಒಂದು ಭಾಗಕ್ಕೆ ಗವರ್ನರ್ ಜನರಲ್ ಆಗಿ ಬಂದ. ಕ್ರಾಕೋವ್ ಊರಲ್ಲಿ ಹಳೇ ರಾಜರ ವಾವೆಲ್ ಕೋಟೆ ಹತ್ತಿ ಕೂತ.

ಕೂತು ಮಾಡಿದ್ದೇನು? ಕಾಯ್ದೆ ಬರೆದ. ಹತ್ತು ವರ್ಷ ದಾಟಿದ ಪ್ರತಿ ಯಹೂದಿಯೂ ತೋಳಿಗೆ ನೀಲಿ ನಕ್ಷತ್ರದ ಬಿಳಿ ಪಟ್ಟಿ ಕಟ್ಕೋಬೇಕು ಅಂದ. ಘೆಟ್ಟೋ ಅಂದರೆ ಯಹೂದಿಗಳನ್ನು ಕೂಡಿಹಾಕಿದ ಕೇರಿ. 1941ರ ಅಕ್ಟೋಬರಿನ ಕಾಯ್ದೆಯಂತೆ, ಅದನ್ನು ಬಿಟ್ಟು ಹೊರಬಂದರೆ ಮರಣದಂಡನೆ. ಆಸರೆ ಕೊಟ್ಟವರಿಗೂ ಅದೇ. ಟ್ರೆಬ್ಲಿಂಕಾ, ಸೊಬಿಬೋರ್ ಕೊಲೆ ಶಿಬಿರಗಳು ನಡೆದದ್ದು ಅವನ ಸೀಮೆಯಲ್ಲೇ.

1945ರ ಜನವರಿಯಲ್ಲಿ ಕೆಂಪು ಸೈನ್ಯ ಬಂತು, ದೊರೆ ಓಡಿದ. ಮೇ ತಿಂಗಳಲ್ಲಿ ಅಮೆರಿಕದವರಿಗೆ ಸಿಕ್ಕಿಬಿದ್ದ. ತನ್ನ ದಿನಚರಿ ಪುಸ್ತಕಗಳನ್ನು ತಾನೇ ಒಪ್ಪಿಸಿದ. ನ್ಯೂರೆಂಬರ್ಗಿನಲ್ಲಿ ಆ ಪುಟಗಳೇ ಅವನ ವಿರುದ್ಧ ಸಾಕ್ಷಿ ನುಡಿದವು. ಪೊಲೀಸು ತನ್ನ ಕೈಲಿರಲಿಲ್ಲ ಅಂತ ವಾದಿಸಿದ; ಅಷ್ಟರಿಂದ ಪಾಲುಗಾರಿಕೆ ತಪ್ಪೋಲ್ಲ ಅಂತು ನ್ಯಾಯಮಂಡಳಿ. 1946ರ ಅಕ್ಟೋಬರ್ 16ರಂದು ನೇಣು.

ಕಾಯ್ದೆ ಅಂದಮಾತ್ರಕ್ಕೆ ನ್ಯಾಯ ಅಲ್ಲ, ಗೆಳೆಯರೇ. ಅದರ ಪಟ್ಟಿ ಯಾರ ತೋಳಿಗೆ ಬೀಳ್ತದೆ ಅಂತ ನಾವು ಮೊದಲು ನೋಡಬೇಕು.