ಬಿಸಿಯಾದ್ರೆ ನಿಲ್ಲೋ ಯೆಜ್ಡಿ: ನಾಲ್ಕು ತಾಲ್ಲೂಕು, ಎರಡು ರೋಗ

ಕಳೆದ ಸಂಚಿಕೆ ಆದ್ಮೇಲೆ ಬಹಳ ಜನ ಒಂದೇ ಪ್ರಶ್ನೆ ಕೇಳಿದ್ರಿ: "ಮನೆಯಲ್ಲಿ ಹಳೆ ಟೂ-ಸ್ಟ್ರೋಕ್ ಗಾಡಿ ನಿಂತಿದೆ, ಚಾಲೂ ಮಾಡೋಕೆ ಎಲ್ಲಿಂದ ಶುರು ಮಾಡ್ಲಿ?" ಇವತ್ತು ಅದೇ ಮಾತು. ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ. ಓದಿದವನು. ಆದ್ರೆ ನಮ್ಮ ಮನೆ ಯೆಜ್ಡಿ ಹಿಂದೆ ಏಳು ತಿಂಗಳು ಓಡಾಡಿದೀನಿ. ಹಾನಗಲ್, ಹಿರೇಕೆರೂರು, ಶಿಗ್ಗಾಂವಿ, ಸವಣೂರು, ನಾಲ್ಕೂ ಊರಿನ ಗ್ಯಾರೇಜಿನ ಚಹಾ ಕುಡಿದಿದೀನಿ.

ಮೊದಲು ಗಾಡಿ ಕುಲಗೋತ್ರ ಹೇಳ್ತೀನಿ, ಹೊಸಬರಿಗೆ ಬೇಕಾಗುತ್ತೆ. ಜಾವಾ ಅನ್ನೋದು ಚೆಕೊಸ್ಲೊವಾಕಿಯಾದ ಕಂಪನಿ, 1929ರದ್ದು. ಯಾನೆಚೆಕ್ ಮತ್ತು ವಾಂಡರರ್ ಅನ್ನೋ ಎರಡು ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದ್ರೆ ಜಾವಾ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಶುರುವಾಯ್ತು, ಮರುವರ್ಷದಿಂದ ಯಾದವಗಿರಿ ಕಾರ್ಖಾನೆಯಿಂದ ಗಾಡಿ ಹೊರಬಿದ್ವು. 1973ರಿಂದ ಅದೇ ಗಾಡಿಗೆ ಯೆಜ್ಡಿ ಅಂತ ಹೆಸರು. ನಡೆಸ್ತಿದ್ದ ಇರಾನಿ ಕುಟುಂಬದ ಮೂಲ ಇರಾನಿನ ಯಜ್ದ್ ಊರು, ಅದರಿಂದ ಬಂದ ಹೆಸರು. 1985ರ ಹೊತ್ತಿಗೆ ಜಪಾನಿನವರ ಕೈಜೋಡಿಸಿದ 100 ಸಿಸಿ ಗಾಡಿಗಳು ಬಂದ್ವು, ಆರ್‌ಎಕ್ಸ್ 100 ಬಂತು, ಹೊಗೆಯ ಕಾನೂನು ಬಿಗಿಯಾಯ್ತು, 1996ಕ್ಕೆ ಮೈಸೂರಿನ ಕಾರ್ಖಾನೆ ಬಾಗಿಲು ಹಾಕ್ತು.

ನಮ್ಮದು 1978ರ ಯೆಜ್ಡಿ 250. ಎರಡು ಸೈಲೆನ್ಸರ್, 6 ವೋಲ್ಟ್ ಬ್ಯಾಟರಿ, ಕಿಕ್ಕೂ ಗೇರೂ ಒಂದೇ ಲಿವರ್. ಅದನ್ನ ಒಳಕ್ಕೆ ಒತ್ತಿ ತಿರುಗಿಸಿದ್ರೆ ಕಿಕ್, ಬಿಟ್ರೆ ಗೇರ್. ಅಜ್ಜ ತಗೊಂಡಿದ್ದು, ಕಾಕಾ ಓಡಿಸಿದ್ದು. ಹಾನಗಲ್ಲಿನ ಹತ್ರದ ನಮ್ಮೂರಿಂದ ಸವಣೂರಿಗೆ ಹೋಗಿ ವೀಳ್ಯದೆಲೆ ಪೆಂಡಿ ಕಟ್ಟಿಕೊಂಡು ಬರ್ತಿದ್ದ ಗಾಡಿ. ಹಿಂದಿನ ಮಡ್‌ಗಾರ್ಡ್ ಮೇಲೆ "ಶ್ರೀ ತಾರಕೇಶ್ವರ ಪ್ರಸನ್ನ" ಅಂತ ಬರೆಸಿದ್ದು ಇನ್ನೂ ಓದೋಕೆ ಬರುತ್ತೆ. 2006ರಿಂದ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಅದರ ಮೇಲೆ ಮಾವಿನ ಬುಟ್ಟಿ, ಹಳೆ ಗೊಬ್ಬರದ ಚೀಲ.

ಈಗ ಮನೆ ವಿಷಯ. ಅಜ್ಜ ತೀರಿಕೊಂಡ ಮೇಲೆ ಅಪ್ಪ, ಕಾಕಾ ಇಬ್ಬರ ನಡುವೆ ವಾಟ್ನಿ ಆಯ್ತು. ಹೊಲ, ಮನೆ, ಎತ್ತು, ತಾಮ್ರದ ಹಂಡೆ ಸಹ ಪತ್ರದಲ್ಲಿ ಬರೆದಿದ್ರು. ಗಾಡಿ ಬರೆದಿರ್ಲಿಲ್ಲ, ಯಾಕಂದ್ರೆ ಅದನ್ನ ಯಾರೂ ಆಸ್ತಿ ಅಂತ ಎಣಿಸಿರ್ಲಿಲ್ಲ. ಹೋದ ವರ್ಷ ಒಬ್ಬ ಗುಜರಿಯವ ತೂಕದ ಲೆಕ್ಕದಲ್ಲಿ ಕೇಳಿದ. ಆಮೇಲೆ ಬೆಂಗಳೂರಿನಿಂದ ಬಂದ ಇನ್ನೊಬ್ಬ, ಚಾಲೂ ಕಂಡೀಷನ್ನಿನಲ್ಲಿ ಇದ್ದು ಕಾಗದಪತ್ರ ಸರಿಯಿದ್ರೆ 90 ಸಾವಿರ ಕೊಡ್ತೀನಿ ಅಂದ. ಅಲ್ಲಿಂದ ಗಲಾಟೆ. ಅಪ್ಪನಿಗೆ ಬೋರ್‌ವೆಲ್ ಕೈಕೊಟ್ಟಿದೆ, ಹೊಸದು ಕೊರೆಸಬೇಕು, ಮಾರೋಣ ಅಂತಾನೆ. ಕಾಕಾ ಮಾರೂದಿಲ್ಲ ಅಂತಾನೆ. ಇಬ್ಬರೂ ಒಂದೇ ಓಣಿಯಲ್ಲಿ ಇದ್ದು ಮಾತಾಡಲ್ಲ, ನಾನೇ ನಡುವೆ ಪೋಸ್ಟ್‌ಮ್ಯಾನ್. ನನ್ನ ಪುಸ್ತಕದ ಪ್ರಕಾರ ಡಿಪ್ರಿಸಿಯೇಷನ್ ಕಳೆದು ಕಳೆದು ಈ ಗಾಡಿ ಬೆಲೆ ಯಾವತ್ತೋ ಸೊನ್ನೆ ಆಗಬೇಕಿತ್ತು. ಪುಸ್ತಕ ಬರೆದವರು ಯೆಜ್ಡಿ ನೋಡಿಲ್ಲ.

ಸರಿ, ಕೆಲಸಕ್ಕೆ ಬರೋಣ. ವರ್ಷಗಟ್ಟಲೆ ನಿಂತ ಗಾಡಿಗೆ ಮೊದಲ ದಿನವೇ ಕಿಕ್ ಹೊಡೀಬೇಡಿ. ರಿಂಗು ಬೋರಿಗೆ ಹತ್ತಿಕೊಂಡಿರುತ್ತೆ, ಜೋರು ಮಾಡಿದ್ರೆ ಮುರಿಯುತ್ತೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಡೀಸೆಲ್, ಸ್ವಲ್ಪ ಎಣ್ಣೆ ಬಿಟ್ಟು ನಾಲ್ಕೈದು ದಿನ ಹಾಗೇ ಬಿಡಿ. ಆಮೇಲೆ ಗೇರಿಗೆ ಹಾಕಿ ಹಿಂದಿನ ಗಾಲಿ ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿ. ನಮ್ಮದು ಆರನೇ ದಿನ ಬಿಟ್ಟುಕೊಡ್ತು. ಬೋರ್ ಸವೆದಿತ್ತು, ಹುಬ್ಬಳ್ಳಿ ಲೇಥಿಗೆ ಕಳಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ವಿ. ಟ್ಯಾಂಕಿನ ತುಕ್ಕಿಗೆ ಒಂದು ಹಿಡಿ ನಟ್ಟು, ವಿನೆಗರ್, ಎರಡು ದಿನ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಬಿಸಿಲಿಗೆ. ಕಾರ್ಬೋರೇಟರ್ ಜೆಟ್ಟಿಗೆ ಗಟ್ಟಿ ತಂತಿ ಚುಚ್ಚಬಾರದು, ತೂತು ದೊಡ್ಡದಾದ್ರೆ ಜೆಟ್ಟೇ ಹೋಯ್ತು. ಮೃದುವಾದ ತಾಮ್ರದ ಒಂದೇ ಎಳೆ ಸಾಕು. ಪಾಯಿಂಟ್ ಗ್ಯಾಪ್ 0.4 ಮಿಮೀ, ಕಣ್ಣಂದಾಜು ಬೇಡ, ಫೀಲರ್ ಗೇಜ್ ತಗೊಳ್ಳಿ. ಪೆಟ್ರೋಲಿಗೆ ಲೀಟರಿಗೆ 40 ಮಿಲಿ ಟೂ-ಟಿ ಆಯಿಲ್.

ಪೇಂಟ್ ಮಾತ್ರ ಮುಟ್ಟಿಸ್ಲಿಲ್ಲ. ಹೊಸ ಬಣ್ಣ ಬಳಿದು ಮದುಮಗನ ಹಾಗೆ ಮಾಡಿದ ಹಳೆ ಗಾಡಿ ಕಂಡ್ರೆ ನನಗಾಗಲ್ಲ, ನಿಮಗಾದ್ರೆ ಮಾಡಿಸ್ಕೊಳ್ಳಿ.

ಗಾಡಿ ಚಾಲೂ ಆಯ್ತು. ಓಣಿಯೆಲ್ಲ ಹೊಗೆ, ಹುಡುಗರೆಲ್ಲ ಹಿಂದೆ. ಆದ್ರೆ ಎಂಟು ಹತ್ತು ಕಿಮೀ ಆದ ಕೂಡ್ಲೆ ಗಪ್ ಅಂತ ನಿಲ್ಲುತ್ತೆ. ಕಾಲು ತಾಸು ಬಿಟ್ರೆ ಒಂದೇ ಕಿಕ್ಕಿಗೆ ಚಾಲೂ. ಮತ್ತೆ ಸ್ವಲ್ಪ ದೂರ, ಮತ್ತೆ ಗಪ್. ಒಂದು ಮಾತು: ಆರ್‌ಸಿ ಅವಧಿ ಮುಗಿದ ಗಾಡಿಯನ್ನ ರಸ್ತೆಗೆ ಇಳಿಸೋ ಹಾಗಿಲ್ಲ. ನಾವು ಹೊಲದ ದಾರಿಯಲ್ಲೇ ಸುತ್ತು ಹಾಕಿದ್ದು, ಊರಿಂದೂರಿಗೆ ಟಾಟಾ ಏಸ್‌ನಲ್ಲಿ ಒಯ್ದಿದ್ದು.

ಹಿರೇಕೆರೂರಿನಲ್ಲಿ ಒಬ್ಬರು ಪ್ಲಗ್ ಬದಲಿಸಿದ್ರು. ಬಿಸಿಯಾಗಿ ನಿಂತ್ತು. ಶಿಗ್ಗಾಂವಿಯಲ್ಲಿ ಹೈವೇ ಪಕ್ಕದ ಹುಡುಗ, ನನ್ನ ವಯಸ್ಸಿನವನೇ, "ಅಣ್ಣಾ, ಪಾಯಿಂಟ್ ಕಿತ್ತು ಒಗೀರಿ, ಸಿಡಿಐ ಹಾಕ್ತೀನಿ, ತಲಿನೋವೇ ಇಲ್ಲ" ಅಂದ. ಸಿಡಿಐ ಒಳ್ಳೇದೇ, ನಾನು ಅದರ ವಿರೋಧಿ ಅಲ್ಲ. ಆದ್ರೆ ರೋಗ ಏನಂತ ಗೊತ್ತಾಗದೆ ಅಂಗವನ್ನೇ ಬದಲಿಸೋದು ಹೇಗೆ? ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮನೆಗೆ ಹೋಗೋ ಗುಮಾಸ್ತನ ಕೆಲಸ ಅದು. ಲೆಕ್ಕ ಕೂಡಿದ ಹಾಗೆ ಕಾಣುತ್ತೆ, ತಪ್ಪು ಅಲ್ಲೇ ಇರುತ್ತೆ.

ಸವಣೂರಿನ ಚಾಚಾ ಬೇರೆ ಥರ. ಎಪ್ಪತ್ತರ ಹತ್ತಿರ ಇರಬಹುದು, ಕೈ ನಡುಗುತ್ತೆ, ಸ್ಕ್ರೂಡ್ರೈವರ್ ಮೊಮ್ಮಗನ ಕೈಗೆ ಕೊಟ್ಟು ಬಾಯಲ್ಲಿ ಹೇಳ್ತಾರೆ. ಗಾಡಿ ಮುಟ್ಟೋ ಮೊದ್ಲು ಕೇಳಿದ್ರು: "ನಿಂತಾಗ ಏನೇನು ನೋಡೀರಿ?" ನಾನು ಫೋನಿನಲ್ಲಿ ಬರೆದುಕೊಂಡಿದ್ದನ್ನ ಓದಿದೆ. ನಿಂತ ಕೂಡ್ಲೆ ಪೆಟ್ರೋಲ್ ಕ್ಯಾಪ್ ತೆಗೆದು ನೋಡಿದ್ದೆ, ಬುಸ್ ಅನ್ಲಿಲ್ಲ, ಚಾಲೂನೂ ಆಗ್ಲಿಲ್ಲ. ಇದು ನೆನಪಿಡಿ: ಕ್ಯಾಪಿನ ಗಾಳಿ ತೂತು ಕಟ್ಟಿದ್ರೂ ಇದೇ ಲಕ್ಷಣ. ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯಲ್ಲ, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತೆ. ಕ್ಯಾಪ್ ತೆಗೆದ ತಕ್ಷಣ ಗಾಡಿ ಚಾಲೂ ಆದ್ರೆ ಒಂದು ಸೂಜಿಯಲ್ಲಿ ಕೆಲಸ ಮುಗೀತು. ಸಾವಿರಾರು ರೂಪಾಯಿ ಸುರಿದು ಕೊನೆಗೆ ಇಲ್ಲಿಗೆ ಬರೋ ಬದಲು ಇಲ್ಲಿಂದಲೇ ಶುರು ಮಾಡಿ.

"ಕರಂಟ್?" ಅಂದ್ರು ಚಾಚಾ. ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದಿದ್ದೆ. ಪ್ಲಗ್ಗಿನ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರುತ್ತೆ, ಕಿಡಿ ತಾಗಿದ್ರೆ ಬೆಂಕಿ. ತಣ್ಣಗಿದ್ದಾಗ ನೀಲಿ ಕಿಡಿ, ಚಟ್ ಅಂತ ಸದ್ದು. ಬಿಸಿಯಾದಾಗ ಹಳದಿ, ಎಳೆ ದಾರದ ಹಾಗೆ. ಚಾಚಾ ಬಲಗಡೆ ಕವರ್ ಬಿಚ್ಚಿಸಿ ಪಾಯಿಂಟ್ ತೋರಿಸಿದ್ರು. ಮುಖ ಸುಟ್ಟು ಕಪ್ಪಾಗಿತ್ತು. "ಕಂಡೆನ್ಸರ್ ಸತ್ತೈತಿ."

ಕಂಡೆನ್ಸರ್ ಕೆಲಸ ಇಷ್ಟೇ: ಪಾಯಿಂಟ್ ತೆರೆಯೋ ಗಳಿಗೆಯಲ್ಲಿ ಅಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದ ಹಾಗೆ ತಡೆಯೋದು. ಆಗ ಕಾಯಿಲ್ಲಿನ ಕರೆಂಟ್ ಥಟ್ಟನೆ ಕಡಿದು ಪ್ಲಗ್ಗಿಗೆ ಜೋರು ಕಿಡಿ ಸಿಗುತ್ತೆ. ಹಳೆಯದಾದ್ರೆ ತಣ್ಣಗಿದ್ದಾಗ ಸರಿ ಇರುತ್ತೆ, ಬಿಸಿಗೆ ಒಳಗೆ ಸೋರುತ್ತೆ. ಅದಕ್ಕೇ ಗಾಡಿ ತಣ್ಣಗಾದ್ರೆ ಮತ್ತೆ ಶಾಣ್ಯಾ. ಹೊಸ ಕಂಡೆನ್ಸರ್ ಹಾಕಿದ್ವಿ, ಪಾಯಿಂಟ್ ಹೊಸದು ಹಾಕಿದ್ವಿ. ನಿಲ್ಲೋದು ಬಂದ್ ಆಯ್ತು.

ಆದ್ರೆ ಹೊಗೆ ಹೋಗ್ಲಿಲ್ಲ. ಟೂ-ಸ್ಟ್ರೋಕ್ ಅಂದ್ಮೇಲೆ ಹೊಗೆ ಇದ್ದೇ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ, ಅರ್ಧ ನಿಜ. ಚಾಲೂ ಮಾಡಿದಾಗ ಬಂದು, ಬಿಸಿಯಾದ ಮೇಲೆ ಕಡಿಮೆ ಆಗಬೇಕು. ನಮ್ಮದು ಬಿಸಿಯಾದಷ್ಟೂ ದಟ್ಟ ಬಿಳಿ ಹೊಗೆ, ಪ್ಲಗ್ ತೆಗೆದ್ರೆ ಎಣ್ಣೆಯಲ್ಲಿ ಅದ್ದಿದ ಹಾಗೆ.

ಇಲ್ಲಿ ಸ್ವಲ್ಪ ನಿಧಾನ ಕೇಳಿ. ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೋಣೆ ಪೆಟ್ರೋಲ್-ಗಾಳಿಯನ್ನ ಹೀರುತ್ತೆ, ಕೆಳಗೆ ಬಂದಾಗ ಅದನ್ನ ಒತ್ತಿ ಮೇಲಕ್ಕೆ ಕಳಿಸುತ್ತೆ. ಅಂದ್ರೆ ಕ್ರ್ಯಾಂಕ್ ಕೋಣೆ ಒಂದು ಪಂಪು. ಅದರ ಎರಡೂ ಬದಿಗೆ ಆಯಿಲ್ ಸೀಲ್. ಬಲಗಡೆ, ಡೈನಮೋ ಬದಿಯ ಸೀಲ್ ಹೋದ್ರೆ ಬರೀ ಗಾಳಿ ಎಳೆಯುತ್ತೆ: ರೇಸ್ ಬಿಟ್ರೂ ಆರ್‌ಪಿಎಂ ಇಳಿಯಲ್ಲ, ಪ್ಲಗ್ ಬೆಳ್ಳಗಾಗುತ್ತೆ, ಎಂಜಿನ್ ಕಾಯುತ್ತೆ, ಕೊನೆಗೆ ಓಡ್ತಾ ಓಡ್ತಾ ಪಿಸ್ಟನ್ ಜಾಮ್. ಹಿಂದಿನ ಗಾಲಿ ಕಚ್ಚಿಕೊಂಡು ಬೀಳ್ತೀರಿ. ಹಳೆ ಟೂ-ಸ್ಟ್ರೋಕ್ ಓಡಿಸೋವಾಗ ಎಡಗೈ ಎರಡು ಬೆರಳು ಕ್ಲಚ್ ಮೇಲೇ ಇರ್ಲಿ ಅಂತ ಹಿರಿಯರು ಹೇಳೋದು ಇದಕ್ಕೇ. ಎಡಗಡೆ ಸೀಲ್ ಹೋದ್ರೆ ಕ್ಲಚ್ ಬದಿಯ ಗೇರ್ ಆಯಿಲ್ ಎಳೆದು ಸುಡುತ್ತೆ. ಅದೇ ಬಿಳಿ ಹೊಗೆ.

ಅನುಮಾನ ಖಾತ್ರಿ ಮಾಡ್ಕೊಳ್ಳೋಕೆ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಹಳೆ ಗೇರ್ ಆಯಿಲ್ ಪೂರ್ತಿ ಇಳಿಸಿ, ಹೊಸದನ್ನ ಅಳತೆ ಮಾಡಿ ಹಾಕಿದೆ, ಅದು ಓಪನಿಂಗ್ ಸ್ಟಾಕ್. ಹದಿನೈದು ದಿನ ಹೊಲದ ದಾರಿಯಲ್ಲಿ ಓಡಿಸಿ, ಮತ್ತೆ ಇಳಿಸಿ ಅಳೆದೆ. 150 ಮಿಲಿ ಕಡಿಮೆ. ಕೆಳಗೆ ನೆಲದ ಮೇಲೆ ಒಂದು ಹನಿ ಇಲ್ಲ. ಸೋರಿಲ್ಲ ಅಂದ್ಮೇಲೆ ಸುಟ್ಟಿದೆ. ಚಾಚಾಗೆ ಫೋನ್ ಮಾಡಿ ಹೇಳಿದೆ, "ಹಂಗಾರ ತಂದುಬಿಡು ಬೇಟಾ" ಅಂದ್ರು. ಎರಡೂ ಕಡೆ ಸೀಲ್ ಬದಲಿಸಿದ್ವಿ. ಒಂದು ಹೋಗಿದೆ ಅಂದ್ರೆ ಇನ್ನೊಂದೂ ಅದೇ ವಯಸ್ಸಿಂದು.

ಪೆಟ್ರೋಲ್ ಬಗ್ಗೆ ಬಹಳ ಜನ ಕೇಳಿದ್ರಿ. ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ 20 ಭಾಗ ಎಥನಾಲ್. ಅದು ಗಾಳಿಯ ನೀರಂಶ ಹೀರುತ್ತೆ, ಹಳೆ ಕಾಲದ ರಬ್ಬರನ್ನ ಮೆತ್ತಗೆ ಮಾಡುತ್ತೆ. ಹಾನಗಲ್, ಹಿರೇಕೆರೂರು ಅರೆಮಲೆನಾಡು, ಜೂನಿನಿಂದ ಗಾಳಿಯೆಲ್ಲ ತೇವ. ಗಾಡಿ ವಾರಗಟ್ಟಲೆ ನಿಲ್ಲೋದಾದ್ರೆ ಕಾಕ್ ಬಂದ್ ಮಾಡಿ ಕಾರ್ಬೋರೇಟರ್ ಖಾಲಿ ಆಗೋ ತನಕ ಓಡಿಸಿ ನಿಲ್ಲಿಸಿ. ಪೈಪ್, ವಾಷರ್ ಎಲ್ಲಾ ಎಥನಾಲ್ ತಡೆಯೋ ಹೊಸದು ಹಾಕಿ.

ಇನ್ನು ಕಾಗದ. ಖಾಸಗಿ ಗಾಡಿ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಮ್ಮದು 2008ಕ್ಕೆ ಮುಗಿದಿದೆ. ಆರ್‌ಸಿ ಧಾರವಾಡದ್ದು, ಯಾಕಂದ್ರೆ ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ಆದ್ರೆ ಅದರಲ್ಲಿ ದಿನಾ ಸಂತೆಗೆ ಹೋಗೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿಗೆ ಮಾತ್ರ. ನಮ್ಮದು ಇನ್ನೂ 50 ಆಗಿಲ್ಲ. ಆಗಿದ್ರೂ ಕಾಕಾ ಒಪ್ಪಲ್ಲ, ಅವನಿಗೆ ಸವಣೂರಿಗೆ ಹೋಗಿ ಎಲೆ ತರಬೇಕು. ನವೀಕರಣಕ್ಕೆ ಫಾರ್ಮ್ 25. ಅದಕ್ಕೂ ಮುಂಚೆ ಹೆಸರು ಬದಲಾಗಬೇಕು, ಮಾಲೀಕ ತೀರಿಕೊಂಡಿದ್ರೆ ಫಾರ್ಮ್ 31, ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ. ಮಾರೋದಾದ್ರೂ ಇದೇ ದಾರಿ, ಇಟ್ಕೊಳ್ಳೋದಾದ್ರೂ ಇದೇ ದಾರಿ. ಅಂದ್ರೆ ಅಪ್ಪನ ಸಹಿ ಬೇಕು.

ಸೀಲ್ ಹಾಕಿಸಿಕೊಂಡು ಬಂದ ದಿನ ಸಂಜೆ ಕಾಕಾ ಗಾಡಿ ಹತ್ತಿದ. ಎಡ ಮೊಣಕಾಲು ಹೋಗಿದೆ, ಕಿಕ್ ಹೊಡೆಯೋಕೆ ಆಗಲ್ಲ. "ಇಳಿಜಾರಿನ್ಯಾಗ ನಿಲ್ಲಸ್ತೀನಿ ತಗೋ, ತಾನ ಚಾಲೂ ಆಕ್ಕೈತಿ" ಅಂತಾನೆ. ಅವತ್ತು ನಾನೇ ಕಿಕ್ ಹೊಡೆದು ಕೊಟ್ಟೆ. ಕೊಟ್ಟಿಗೆಯಿಂದ ಕಣದ ತನಕ, ಕಣದಿಂದ ಬಾವಿ ತನಕ ಹೋಗಿ ಬಂದ. ಸದ್ದು ಕೇಳಿ ಅಪ್ಪ ಕಟ್ಟೆಗೆ ಬಂದು ನಿಂತ. ಮೂರನೇ ಸುತ್ತಿಗೆ ನನ್ನ ಕಡೆ ತಿರುಗಿ, "ಗಾಡಿ ಇನ್ನೂ ಮೂರರಾಗ ಐತಿ, ನಾಕಕ್ಕ ಹಾಕು ಅಂತ ಹೇಳು ಅವಂಗ" ಅಂದ. ಕಾಕಾಗೆ ಕೇಳಿಸ್ತು ಅನ್ಸುತ್ತೆ, ನಾನು ಹೇಳೋ ಮೊದ್ಲೇ ಗೇರ್ ಬಿತ್ತು.

ಫಾರ್ಮ್ 31 ಅಪ್ಪನ ಹತ್ರ ಕೊಟ್ಟು ಹತ್ತು ದಿನ ಆಯ್ತು. ಹರಿದಿಲ್ಲ, ಸಹಿಯೂ ಮಾಡಿಲ್ಲ, ಪಂಚಾಂಗದೊಳಗೆ ಇಟ್ಟಿದಾನೆ. ಬೆಂಗಳೂರಿನವ ಮತ್ತೆ ಫೋನ್ ಮಾಡಿದ್ದ, ಕಾಗದ ಆಗ್ಲಿ ಆಮೇಲೆ ನೋಡೋಣ ಅಂದಿದೀನಿ. ನಿಮ್ಮ ಮನೆ ಕೊಟ್ಟಿಗೆಯಲ್ಲಿ ಏನು ನಿಂತಿದೆ, ಬಿಸಿಯಾದಾಗ ಏನು ಮಾಡುತ್ತೆ, ಪ್ಲಗ್ ಬಣ್ಣ ಯಾವುದು, ಇಷ್ಟು ಬರೆದು ವಾಯ್ಸ್ ನೋಟ್ ಕಳಿಸಿ, ಚಾಚಾ ಹತ್ರ ಕೇಳಿ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ.