ಷರತ್ತು ಕಣ್ಣಿಗೆ ಕಾಣಬೇಕು



ಸರಕಾರಿ ಬ್ಯಾಂಕುಗಳಿಗೆ ಗುಮಾಸ್ತರನ್ನೂ ಅಧಿಕಾರಿಗಳನ್ನೂ ಆರಿಸಿಕೊಡುವ ಐಬಿಪಿಎಸ್ ಇರುವುದು ನಮ್ಮ ಮುಂಬಯಿಯ ಕಾಂದಿವಲಿಯಲ್ಲಿ. ಬೀದರಿನಲ್ಲೋ ಕಾಸರಗೋಡಿನಲ್ಲೋ ಪರೀಕ್ಷೆಗೆ ಕೂರುವ ಹುಡುಗಿಯ ಬ್ಯಾಂಕ್ ನೌಕರಿಯ ದಾರಿ ಈ ಉಪನಗರವನ್ನು ಹಾದೇ ಹೋಗುತ್ತದೆ. ನೇಮಕಾತಿಯಲ್ಲಿ ಕೃತಕ ಬುದ್ಧಿಮತ್ತೆ ಎಂಬ ವಿಷಯದ ಚರ್ಚೆಗೆ ಈ ಊರಿಗಿಂತ ತಕ್ಕ ಜಾಗ ಇನ್ನಾವುದು?

ಯಂತ್ರವೇ ಬೇಡವೆಂದು ನಾನು ಹೇಳುವುದಿಲ್ಲ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಪರೀಕ್ಷೆ ಬರೆಯುವುದನ್ನು ತಡೆಯಲು ಯುಪಿಎಸ್‌ಸಿ 2025ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಕೇಂದ್ರಗಳಲ್ಲಿ ಅಭ್ಯರ್ಥಿಗಳ ಮುಖಚಹರೆಯನ್ನು ಯಂತ್ರದಿಂದ ತಾಳೆ ನೋಡಿಸಿತು. ಅಕ್ರಮದಿಂದಾಗಿ ಕರ್ನಾಟಕದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2022ರಲ್ಲಿ ರದ್ದಾದುದನ್ನು ಕಂಡ ನಮಗೆ ಇಂಥ ಕಾವಲು ಬೇಕೇ ಬೇಕು. ನನ್ನ ಆತಂಕವಿರುವುದು ಕಾವಲುಗಾರನಿಗೇ ಆಯ್ಕೆಯ ಅಧಿಕಾರವನ್ನೂ ಕೊಡುವ ಬಗ್ಗೆ.

2024ರಲ್ಲಿ ನಮ್ಮ ಮುಂಬಯಿ ಮಹಾನಗರಪಾಲಿಕೆ 1,846 ಕಾರ್ಯಕಾರಿ ಸಹಾಯಕರ ಹುದ್ದೆಗಳಿಗೆ ಅರ್ಜಿ ಕರೆಯಿತು. ಹತ್ತನೇ ತರಗತಿಯನ್ನೂ ಪದವಿಯನ್ನೂ ಮೊದಲ ಯತ್ನದಲ್ಲೇ ಪಾಸು ಮಾಡಿರಬೇಕೆಂಬ ಷರತ್ತು ಅದರಲ್ಲಿತ್ತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಒಮ್ಮೆ ಫೇಲಾದರೂ ಬಿಡದೆ ಮತ್ತೆ ಪರೀಕ್ಷೆ ಕಟ್ಟಿ ಮೇಲೆ ಬಂದ ಮುಂಬಯಿ ಕನ್ನಡಿಗರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿ ಕೂತಿದ್ದೀರಿ. ಆ ಷರತ್ತು ಯಾರನ್ನು ಹೊರಗಿಡುತ್ತಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ವಿರೋಧ ಬಂತು, ಪಾಲಿಕೆ ಷರತ್ತನ್ನು ಕೈಬಿಟ್ಟಿತು. ಅದು ಜಾಹೀರಾತಿನಲ್ಲಿ ಅಚ್ಚಾಗಿತ್ತು. ಆದ್ದರಿಂದಲೇ ಜನ ಬೆರಳಿಟ್ಟು ತೋರಿಸಿದರು. ಹಿಂದಿನ ನೇಮಕಾತಿಗಳ ಕಡತ ಓದಿ ತಾನಾಗಿಯೇ ಕಲಿತ ಯಂತ್ರ ಅದೇ ಷರತ್ತನ್ನು ಒಳಗೊಳಗೇ ಹಾಕಿಕೊಂಡಿದ್ದರೆ ಯಾರು ಎಲ್ಲಿ ಬೆರಳಿಡಬೇಕಿತ್ತು?

ಇದು ಬರಿಯ ಊಹೆಯಲ್ಲ. ಹಳೆಯ ಅರ್ಜಿಗಳಿಂದ ಕಲಿತ ಅಮೆಜಾನ್ ಕಂಪನಿಯ ಯಂತ್ರವೊಂದು ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತೆಂಬುದು 2018ರಲ್ಲಿ ಬಯಲಾಯಿತು. ಅದು ಖಾಸಗಿ ಕಂಪನಿ, ಯೋಜನೆಯನ್ನೇ ಕೈಬಿಟ್ಟಿತು. ಆದರೆ ಸರಕಾರಿ ನೌಕರಿಯಲ್ಲಿ ಸಮಾನ ಅವಕಾಶವೆಂಬುದು ಸಂವಿಧಾನದ 16ನೇ ವಿಧಿ ಕೊಟ್ಟ ಹಕ್ಕು. ನನ್ನನ್ನು ಏಕೆ ಬಿಟ್ಟಿರಿ ಎಂದು ಕೇಳಿದ ಅಭ್ಯರ್ಥಿಗೆ ಉತ್ತರ ಹೇಳಲಾಗದ ಯಂತ್ರಕ್ಕೆ ಆಯ್ಕೆ ಮಾಡುವವರ ಕುರ್ಚಿಯಲ್ಲಿ ಜಾಗ ಕೊಡಬಾರದು.

ಇನ್ನು ಭಾಷೆಯ ಮಾತು. 384 ಕೆಎಎಸ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಅನುವಾದ ಕೆಟ್ಟು ಕನ್ನಡ ಪ್ರಶ್ನೆಗಳು ಕನ್ನಡಿಗರಿಗೇ ಅರ್ಥವಾಗಲಿಲ್ಲ. ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅನುವಾದದ ದೂರು ಆಗಲೂ ಎದ್ದಿತು. ಕನ್ನಡ ಮಾಧ್ಯಮದ ಮಕ್ಕಳು ಎರಡೆರಡು ಸಲ ಅನುಭವಿಸಿದ ಆ ಸಂಕಟ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ನಾಳೆ ಕನ್ನಡದಲ್ಲಿ ಬರೆದ ಉತ್ತರಗಳ ಮೌಲ್ಯಮಾಪನವನ್ನೂ ಯಂತ್ರಕ್ಕೆ ಒಪ್ಪಿಸುವ ಪ್ರಸ್ತಾಪ ಬಂದೀತು. ಅಂಥ ಯಂತ್ರ ಎಷ್ಟು ಕನ್ನಡ ಉತ್ತರಪತ್ರಿಕೆಗಳನ್ನು ಓದಿ ಕಲಿತಿದೆ, ಕಲಬುರಗಿಯ ಕನ್ನಡ, ಕರಾವಳಿಯ ಕನ್ನಡ ಅದಕ್ಕೆ ತಿಳಿಯುತ್ತದೆಯೇ, ಅಂಕ ತಪ್ಪಾದರೆ ಮರುಪರಿಶೀಲಿಸುವ ಅಧಿಕಾರಿ ಯಾರು ಎಂಬುದನ್ನು ನೇಮಕಾತಿ ಸಂಸ್ಥೆಗಳು ಅಧಿಸೂಚನೆಯಲ್ಲೇ ಪ್ರಕಟಿಸಬೇಕು. ಸಂಜೆಯ ಸಮಾರೋಪಕ್ಕೆ ಮುನ್ನ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆದು ಅಂಗೀಕರಿಸಿ ಎಂಬುದು ನನ್ನ ಆಶಯ.