ಹಳೆಯ ಮೋಟಾರ್ ಸೈಕಲ್ಲಿನ ಕಿಡಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತನ್ನು ಬಿಟ್ಟು ಇಂದು ಮೋಟಾರ್ ಸೈಕಲ್ಲಿನ ಮಾತನ್ನು ಎತ್ತಿಕೊಂಡಿದ್ದೇವೆಂದು ಕೆಲವರು ನಗಬಹುದು. ನಗಲಿ, ಬೇಸರವಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ನಾಲ್ವರು ಜೊತೆಗಾರರ ಅರ್ಧ ತಿಂಗಳ ಸಂಪಾದನೆ ಕೈಬಿಟ್ಟು ಹೋದದ್ದು ಬೆರಳುದ್ದದ ಒಂದು ಪ್ಲಗ್ಗು ಮತ್ತು ಮುಷ್ಟಿಗಾತ್ರದ ಒಂದು ಕಾಯ್ಲಿನ ದೆಸೆಯಿಂದ. ಸಂಬಳವನ್ನು ಹೋರಾಡಿ ಪಡೆಯುವುದು ಎಷ್ಟು ಮುಖ್ಯವೋ, ಪಡೆದದ್ದನ್ನು ಅರಿವಿಲ್ಲದೆ ಕಳೆದುಕೊಳ್ಳದಿರುವುದೂ ಅಷ್ಟೇ ಮುಖ್ಯ.

ನಾವು ಓದಿದ್ದು ಏಳನೆಯ ತರಗತಿಯವರೆಗೆ. ಊರು ಬಿಟ್ಟು ಮುಂಬಯಿಗೆ ಬಂದು ಕಪ್ಪುಬಸಿ ತೊಳೆದು, ಟೇಬಲ್ ಒರೆಸಿ, ಆಮೇಲೆ ದೋಸೆ ಕಾವಲಿಯ ಮುಂದೆ ನಿಂತವರು, ಇಂಜಿನಿಯರರಲ್ಲ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು, 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ಹಿರಿಯರೊಬ್ಬರು ನಮ್ಮ ಸಂಘದಲ್ಲಿದ್ದಾರೆ. ಈಗ ಹೇಳುವುದನ್ನೆಲ್ಲ ಅವರ ಬಳಿ ಕುಳಿತು, ಕೈ ಮಸಿ ಮಾಡಿಕೊಂಡು ಕಲಿತೆವು.

ಗಾಡಿ ಯಾವುದೆಂದರೆ ಹಳೆಯ ಯೆಜ್ಡಿ 250. ಅದು ನಮ್ಮ ಮೈಸೂರಿನ ಕೂಸು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ಗಾಡಿಗಳ ತಯಾರಿಕೆ ಶುರುವಾಯಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ದುಡಿದವರ ಕೆಲಸ ಹೋಯಿತು. ಅವರ ಕೈಯಿಂದ ಹೊರಬಂದ ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ನಮ್ಮ ನಾಲ್ವರು ದುಡ್ಡು ಕೂಡಿಸಿ ಅಂಥದೊಂದನ್ನು ಕೊಂಡಿದ್ದರು. ಬೆಳಗಿನ ಜಾವ ಮಾಟುಂಗಾದಿಂದ ದೋಸೆ ಹಿಟ್ಟಿನ ಡಬ್ಬಗಳನ್ನು ಕುರ್ಲಾದ ಸಣ್ಣ ಕ್ಯಾಂಟೀನುಗಳಿಗೆ ಮುಟ್ಟಿಸಿ, ಆಮೇಲೆ ಡ್ಯೂಟಿಗೆ ಹೋಗುವುದು. ಮಳೆ ಹಿಡಿದ ಮೇಲೆ ಗಾಡಿ ಕಿಕ್ ಹೊಡೆದಷ್ಟೂ ಮುನಿಯತೊಡಗಿತು. ಅಂಗಡಿಯವನೊಬ್ಬ ಹೇಳಿದ: "ಹಳೇ ಕಾಯ್ಲು ಸತ್ತಿದೆ. ರೇಸಿನ ಕಾಯ್ಲು ಹಾಕಿ, ಇರಿಡಿಯಂ ಪ್ಲಗ್ ಹಾಕಿ, ಗಾಡಿ ಹಾರುತ್ತದೆ." ಸಾಲ ಮಾಡಿ ಹಾಕಿಸಿದರು. ಹತ್ತು ದಿನ ಹಾರಿತು. ಹನ್ನೊಂದನೆಯ ದಿನ ಸಾಯನ್ ಬಳಿ ನಿಂತಿತು. ಬಿಚ್ಚಿ ನೋಡಿದರೆ ಪಾಯಿಂಟು ಸುಟ್ಟು ಕರಕಲು. ಹಿಟ್ಟು ಹುಳಿಯಿತು; ಕ್ಯಾಂಟೀನಿನವರು ಬೇರೆಯವರನ್ನು ಹಿಡಿದರು.

ತಪ್ಪು ಎಲ್ಲಾಯಿತು? ಅದನ್ನು ತಿಳಿಯಬೇಕಾದರೆ ಕಿಡಿ ಹುಟ್ಟುವ ಬಗೆಯನ್ನು ತಿಳಿಯಬೇಕು. ಪಾಯಿಂಟು ಮುಚ್ಚಿರುವಾಗ ಬ್ಯಾಟರಿಯ ಕರೆಂಟು ಕಾಯ್ಲಿನೊಳಗಿನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿದು ಅಯಸ್ಕಾಂತ ಶಕ್ತಿಯಾಗಿ ಕೂಡುತ್ತದೆ. ಕ್ಯಾಮು ತಿರುಗಿ ಪಾಯಿಂಟು ತೆರೆದ ಕ್ಷಣದಲ್ಲಿ ಹರಿವು ಕಡಿಯುತ್ತದೆ. ಕೂಡಿದ ಶಕ್ತಿ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಸಾವಿರಾರು ವೋಲ್ಟಾಗಿ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಪಾಯಿಂಟಿನಲ್ಲೇ ಕಿಡಿ ಹಾರಿ ಅದು ಸುಡದಂತೆ ಕಂಡೆನ್ಸರು ಕಾಯುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಪ್ಲಗ್ಗಿನ ಸಂದನ್ನು ದಾಟಲು ಎಷ್ಟು ವೋಲ್ಟು ಬೇಕೋ ಅಷ್ಟಕ್ಕೆ ಏರಿದೊಡನೆ ಕಿಡಿ ಹಾರಿಬಿಡುತ್ತದೆ. ಹದಿನೈದು ಸಾವಿರ ಸಾಕಾಗುವ ಕಡೆ ಪೆಟ್ಟಿಗೆಯ ಮೇಲೆ ನಲವತ್ತು ಸಾವಿರ ಎಂದು ಅಚ್ಚು ಹಾಕಿದ್ದರಿಂದ ಎಂಜಿನ್ನಿಗೆ ಹೊಸ ಬಲ ಬರುವುದಿಲ್ಲ. ಕಿಡಿ ತಪ್ಪುತ್ತಿದ್ದ ಗಾಡಿ ಸರಿಹೋಗಬಹುದು. ಸರಿಯಾಗಿದ್ದ ಗಾಡಿ ಹಾರುವುದಿಲ್ಲ.

ಇನ್ನು ಪಾಯಿಂಟು ಸುಟ್ಟದ್ದರ ಲೆಕ್ಕ ಕೇಳಿ. ವೋಲ್ಟನ್ನು ಕಾಯ್ಲಿನ ಓಮಿನಿಂದ ಭಾಗಿಸಿದರೆ ಕರೆಂಟಿನ ಆಂಪಿಯರು ಸಿಗುತ್ತದೆ. 6 ವೋಲ್ಟಿನ ಬ್ಯಾಟರಿಗೆ 1.5 ಓಮಿನ ಕಾಯ್ಲಾದರೆ 4 ಆಂಪಿಯರು; ಪಾಯಿಂಟು ತಾಳುತ್ತದೆ. ಆ 'ರೇಸಿನ' ಕಾಯ್ಲು ಎಲೆಕ್ಟ್ರಾನಿಕ್ ಇಗ್ನಿಷನ್ನಿಗಾಗಿ ಮಾಡಿದ್ದು, ಅರ್ಧ ಓಮಿನದು. 12 ಆಂಪಿಯರಿನವರೆಗೂ ಎಳೆಯಲು ಹೊರಟರೆ ಪಾಯಿಂಟು ಉಳಿಯುವುದುಂಟೇ? ಅದೇ ರೀತಿ 6 ವೋಲ್ಟಿನ ಕಾಯ್ಲಿಗೆ 12 ವೋಲ್ಟಿನ ಬ್ಯಾಟರಿ ಕೊಟ್ಟರೆ ಕರೆಂಟು ಎರಡರಷ್ಟು, ಕಾಯ್ಲಿನ ಕಾವು ನಾಲ್ಕರಷ್ಟು ಆಗುತ್ತದೆ. 12 ವೋಲ್ಟಿಗೆ ಬದಲಾಯಿಸುವವರು ಡೈನಮೊ, ಬಲ್ಬು, ಹಾರ್ನು, ಕಾಯ್ಲು ಎಲ್ಲವನ್ನೂ ಹೊಂದಿಸಬೇಕು. ಎಲೆಕ್ಟ್ರಾನಿಕ್ ಬೇಕೆನ್ನುವವರು ಅದರ ಪೂರ್ತಿ ಸೆಟ್ಟನ್ನೇ ಕೊಳ್ಳಬೇಕು.

ಎಲ್ಲಕ್ಕಿಂತ ನಮಗೆ ಹೊಟ್ಟೆ ಉರಿದದ್ದು ಯಾವಾಗ ಗೊತ್ತೇ? ಹಿರಿಯರು ಹಳೆಯ ಕಾಯ್ಲನ್ನೇ ತಿರುಗಿ ಕೂಡಿಸಿ, ಹೊಸ ಪಾಯಿಂಟು ಹಾಕಿ, ಮೀಟರು ಹಿಡಿದಾಗ. ಬ್ಯಾಟರಿಯಲ್ಲಿ 6 ವೋಲ್ಟು, ಕಾಯ್ಲಿನ ಬಾಯಿಗೆ ಬರುವಾಗ 5. ಒಂದು ವೋಲ್ಟು ಕೀಲಿ ಸ್ವಿಚ್ಚಿನ ಕಿಲುಬಿನಲ್ಲಿ, ಸಡಿಲ ಅರ್ತ್ ತಂತಿಯಲ್ಲಿ ಸೋರಿಹೋಗುತ್ತಿತ್ತು. ಆರರಲ್ಲಿ ಒಂದು ಪಾಲು ತಾನೇ ಎನ್ನಬೇಡಿ. ಕಾಯ್ಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗದಂತೆ ಏರಿಳಿಯುತ್ತದೆ. ಅಂದರೆ ಮೂವತ್ತಾರರಲ್ಲಿ ಇಪ್ಪತ್ತೈದು ಪಾಲು ಮಾತ್ರ ಉಳಿಯಿತು. ಉಜ್ಜುಕಾಗದದ ಚೂರು ಮತ್ತು ಒಂದು ಗಜ ತಂತಿಯಿಂದ ಅದು ಸರಿಹೋಯಿತು. ಮೊದಲ ದಿನವೇ ಹೀಗೆ ಮಾಡಿದ್ದರೆ ಸಾಲವೇ ಬೇಕಿರಲಿಲ್ಲ.

ಪ್ಲಗ್ಗಿನ ವಿಚಾರ ದೋಸೆ ಕಾವಲಿಯ ವಿಚಾರದಂತೆಯೇ. ಕಾವಲಿ ಕಾಯದಿದ್ದರೆ ಹಿಟ್ಟು ಅಂಟುತ್ತದೆ, ಹೆಚ್ಚು ಕಾದರೆ ಹೊತ್ತುತ್ತದೆ. ಪ್ಲಗ್ಗಿನ ತುದಿಯೂ ಸುಮಾರು 500 ಡಿಗ್ರಿ ಸೆಂಟಿಗ್ರೇಡ್ ಕಾದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 800 ಡಿಗ್ರಿ ಮೀರಿದರೆ ಕಿಡಿಗೆ ಮುಂಚೆಯೇ ಪೆಟ್ರೋಲು ಹೊತ್ತಿ ಪಿಸ್ಟನ್ನು ಹಾಳಾಗುತ್ತದೆ. ಬಿಸಿ ಪ್ಲಗ್ಗು, ತಣ್ಣನೆಯ ಪ್ಲಗ್ಗು ಎಂದು ಬೇರೆ ಬೇರೆ ಇರುವುದು ಈ ಹದಕ್ಕಾಗಿ. "ಒಂದು ನಂಬರು ಮೇಲಿನದು ಕೊಡಿ" ಎಂದು ಕೇಳಿದರೆ ಮೋಸ ಹೋಗುತ್ತೀರಿ. ಎನ್‌ಜಿಕೆಯಲ್ಲಿ ನಂಬರು ಏರಿದಂತೆ ಪ್ಲಗ್ಗು ತಣ್ಣಗಾಗುತ್ತದೆ. ಬೆಂಗಳೂರಿನ ಮೈಕೋ ಕಂಪೆನಿಗೆ 2008ರಲ್ಲಿ ಬಾಷ್ ಎಂದು ಹೆಸರಾಯಿತಲ್ಲ, ಆ ಪ್ಲಗ್ಗುಗಳಲ್ಲಿ 175, 225 ಎಂಬ ಹಳೆಯ ನಂಬರುಗಳು ಏರಿದಂತೆ ತಣ್ಣಗೆ. 5, 7 ಎಂಬ ಹೊಸ ನಂಬರುಗಳು ಇಳಿದಂತೆ ತಣ್ಣಗೆ. ಪುಸ್ತಕದಲ್ಲಿ ಹೇಳಿದ ಪ್ಲಗ್ಗನ್ನೇ ಹೆಸರಿಟ್ಟು ಕೇಳುವುದು ಕ್ಷೇಮ. ಈ ಗಾಡಿಗೆ 14 ಮಿಲಿಮೀಟರಿನ, ಅರ್ಧ ಇಂಚು ಉದ್ದದ ಮರೆಯ ಪ್ಲಗ್ಗು ಬೇಕು. ಉದ್ದನೆಯದನ್ನು ತುರುಕಿದರೆ ಪಿಸ್ಟನ್ನಿಗೆ ತಗಲುತ್ತದೆ.

ಇರಿಡಿಯಂ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದರ ತುದಿ ಸಪೂರ; ಕಡಿಮೆ ವೋಲ್ಟಿಗೂ ಕಿಡಿ ಹಾರಿಸುತ್ತದೆ. ಆದರೆ ಈ ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಹೆಚ್ಚಾಗಿ ಬೆರೆಸಿದರೆ ದುಬಾರಿ ಪ್ಲಗ್ಗೂ ಅಗ್ಗದ ಪ್ಲಗ್ಗಿನಂತೆಯೇ ಒದ್ದೆಯಾಗಿ ಕಪ್ಪಾಗುತ್ತದೆ. ಬಿಚ್ಚಿದಾಗ ತುದಿ ತಿಳಿ ಕಂದು ಬಣ್ಣವಿದ್ದರೆ ಎಲ್ಲ ಸರಿ. ಬೆಳ್ಳಗೆ ಬೆಂದಿದ್ದರೆ ಕಾವು ಹೆಚ್ಚು. ಗಾಡಿಯನ್ನು ಹಾಗೆಯೇ ಓಡಿಸಬಾರದು.

ಆದುದರಿಂದ ಕೆಲಸದ ಕ್ರಮ ಹೀಗೆ. ಮೊದಲು ಬ್ಯಾಟರಿ, ಸ್ವಿಚ್ಚು, ಅರ್ತ್ ನೋಡಿ. ಎರಡನೆಯದಾಗಿ ಪಾಯಿಂಟಿನ ಸಂದು 0.4 ಮಿಲಿಮೀಟರು ಇಟ್ಟು, ಆಮೇಲೆ ಟೈಮಿಂಗ್ ಕೂಡಿಸಿ. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಮೂರನೆಯದಾಗಿ ಪ್ಲಗ್ಗಿನ ಸಂದು 0.6 ಮಿಲಿಮೀಟರು. ಎಂಜಿನ್ ಬಿಸಿ ಇರುವಾಗ ಪ್ಲಗ್ಗು ಬಿಚ್ಚಬಾರದು, ಅಲ್ಯುಮಿನಿಯಂ ಹೆಡ್ಡಿನ ಮರೆ ಕಿತ್ತುಬರುತ್ತದೆ. ಹೊಸದನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಬಳಿಕ ಪಾನದಿಂದ ಅರ್ಧ ಸುತ್ತು ಸಾಕು. ನಾಲ್ಕನೆಯದಾಗಿ, ತಣ್ಣಗಿದ್ದಾಗ ಓಡಿ ಬಿಸಿಯಾದಾಗ ನಿಲ್ಲುವ ಗಾಡಿಗೆ ಮೊದಲು ಕಂಡೆನ್ಸರು ಬದಲಿಸಿ ನೋಡಿ. ಆಗಲೂ ನಿಂತರೆ ಮಾತ್ರ ಕಾಯ್ಲು ಕೊಳ್ಳಿ, ಅದೂ ಓಮು ಅಳೆದು.

ಆ ನಾಲ್ವರ ಸಾಲ ಇನ್ನೂ ತೀರಿಲ್ಲ. ಗಾಡಿ ಹಳೆಯ ಕಾಯ್ಲು, ಸಾದಾ ಪ್ಲಗ್ಗಿನ ಮೇಲೆಯೇ ಓಡುತ್ತಿದೆ. ಮೂರು ಕ್ಯಾಂಟೀನುಗಳಲ್ಲಿ ಎರಡು ತಿರುಗಿ ಬಂದಿವೆ. ಮೀಟರು, ಸಂದು ಅಳೆಯುವ ಗೇಜು, ಪ್ಲಗ್ ಪಾನ ಇವನ್ನು ಸಂಘದ ಕಪಾಟಿನಲ್ಲಿ ಇಟ್ಟಿದ್ದೇವೆ. ವಾರದ ರಜೆಯ ದಿನ ಹಿರಿಯರು ಇಲ್ಲಿರುತ್ತಾರೆ. ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಇಲ್ಲಿಗೆ ಬನ್ನಿ.